ಮೂರು ಕಿಲೋ ಕಡಿಮೆ

ಹಗ್ಗ ಕತ್ತರಿಸುವ ಮೊದಲೇ ಪೆಟ್ಟಿಗೆ ಹಗುರವೆಂದು ಆಯಿಶಮ್ಮನಿಗೆ ಗೊತ್ತಾಯಿತು. ಕಾಲಿನಿಂದ ಮೆಲ್ಲನೆ ದೂಡಿ ನೋಡಿದರು. ಅದು ಚಾಪೆಯ ಮೇಲೆ ಸಲೀಸಾಗಿ ಜಾರಿತು.

"ಎಂತ ಕಬೀರ್, ದಮ್ಮಾಮಿನ ಅಂಗಡಿಗಳಿಗೆಲ್ಲ ಬೀಗ ಹಾಕಿದ್ದಾರಾ? ವಿಮಾನದವರು ಮೂವತ್ತು ಕಿಲೋ ಅಂದರೆ ನಿನ್ನ ಬಾಪ ಮೂವತ್ತೊಂದು ತರುತ್ತಿದ್ದರು. ಹೆಚ್ಚಿನ ಒಂದು ಕಿಲೋ ಕೋಟಿನ ಕಿಸೆಯಲ್ಲಿ."

"ಇಪ್ಪತ್ತೇಳು ಉಂಟು ಉಮ್ಮಾ," ಎಂದ ಮಗ.

"ಮೂರು ಕಿಲೋ ಸುಮ್ಮನೆ ವಿಮಾನದವರಿಗೆ ಬಿಟ್ಟುಕೊಟ್ಟದ್ದಾ! ಉಚ್ಚಿಲದಲ್ಲಿ ಯಾರ ಹತ್ತಿರವೂ ಹೇಳಬೇಡ ಮಾರಾಯ."

ಕಬೀರ್ ನಗಲಿಲ್ಲ. ಎರಡು ವರ್ಷದ ಮೇಲೆ ಗಲ್ಫಿನಿಂದ ಬೆಳಗಿನ ವಿಮಾನದಲ್ಲಿ ಬಂದಿಳಿದವನು ಊಟದ ತನಕ ನಾಲ್ಕು ಮಾತೂ ಆಡಿರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿದ್ದ ನೌಶೀನ್‌ನ ಕಣ್ಣು ಬಾಪ ಕಬೀರನ ಕೈಯ ಚೂರಿಯ ಮೇಲಿತ್ತು.

ಇಪ್ಪತ್ತೆರಡು ದಿನಗಳ ಹಿಂದೆ ನೌಶೀನ್‌ನ ನಾಲ್ಕು ನಿಮಿಷದ ದನಿಸಂದೇಶ ಕಬೀರನ ಫೋನಿಗೆ ಹೋಗಿತ್ತು. 'ಬಾಪಾ, ಹುಡುಗಿ ಅಂತ ಕರೆದರೆ ಬೇರೆ ಯಾರನ್ನೋ ಕರೆದ ಹಾಗೆ ಆಗುತ್ತದೆ. ಹುಡುಗ ಅಂದರೂ ಹಾಗೆಯೇ. ಎರಡೂ ನಾನಲ್ಲ. ಮಣಿಪಾಲದಲ್ಲಿ ಒಬ್ಬರು ಕೌನ್ಸೆಲರ್ ಇದ್ದಾರೆ, ಇದು ಕಾಯಿಲೆ ಅಲ್ಲ ಅನ್ನುತ್ತಾರೆ. ಅವರ ಕೋಣೆಯಲ್ಲಿ ಮಾತ್ರ ನನಗೆ ಉಸಿರು ಸರಿಯಾಗಿ ಬರುತ್ತದೆ.' ಎರಡು ನೀಲಿ ಟಿಕ್ಕು ಬಿದ್ದಿದ್ದವು. ಉತ್ತರ ಬಂದಿರಲಿಲ್ಲ. "ಬಾಪ ಬರಲಿ, ಮತ್ತೆ ನೋಡುವ" ಎಂದು ಉಮ್ಮ ಸಮೀನಾ ಮಣಿಪಾಲಕ್ಕೆ ಹೋಗುವ ಗುರುವಾರಗಳನ್ನು ನಿಲ್ಲಿಸಿಬಿಟ್ಟಿದ್ದಳು. ಹತ್ತೊಂಬತ್ತು ವರ್ಷದ ಒಂದು ಜೀವ ಆ ಒಂದು ಉತ್ತರದ ಹೊರಗೆ ಕಾದು ನಿಂತಿತ್ತು.

ಹಗ್ಗ ತುಂಡಾಯಿತು. ಒಳಗಿನಿಂದ ಹಳೆಯ ವಾಸನೆ ಎದ್ದಿತು: ಸಾಬೂನು, ಅತ್ತರು, ಹಾಲಿನ ಪುಡಿ, ಯಾವುದೋ ತಣ್ಣನೆಯ ಕೋಣೆಯ ಗಾಳಿ. ಚಿಕ್ಕಂದಿನಲ್ಲಿ ನೌಶೀನ್‌ಗೆ ಗಲ್ಫ್ ಎಂದರೆ ಊರಲ್ಲ, ಈ ವಾಸನೆ. ಖಾಲಿಯಾದ ಪೆಟ್ಟಿಗೆಯೊಳಗೆ ಮುದುಡಿ ಮಲಗಿದರೆ ಹೆದ್ದಾರಿಯ ಲಾರಿಗಳ ಸದ್ದು ನಿಧಾನಕ್ಕೆ ಕಡಲಾಗುತ್ತಿತ್ತು. ಅಲ್ಲಿ ಯಾರೂ ಏನೆಂದೂ ಕರೆಯುತ್ತಿರಲಿಲ್ಲ. ಈಗಲೂ ನೀಲಿ ಪರದೆಯಿಂದ ಸೋಸಿ ಬಂದ ಮಧ್ಯಾಹ್ನದ ಬೆಳಕಿನಲ್ಲಿ ಇಡೀ ಕೋಣೆ ನೀರಿನಡಿಯ ಮನೆಯಂತೆ ತೂಗುತ್ತಿತ್ತು.

ಆಯಿಶಮ್ಮ ಗೋಡೆಗೆ ಬೆನ್ನು ಕೊಟ್ಟು, ಸಮೀನಾಳ ಪಕ್ಕದಲ್ಲಿ ಕುಳಿತರು. ಪೆಟ್ಟಿಗೆ ಹಂಚುವುದು ಮೂವತ್ತು ವರ್ಷಗಳಿಂದ ಅವರದೇ ಕೆಲಸ. ಬಲಕ್ಕೆ ಗಂಡಸರದ್ದು, ಎಡಕ್ಕೆ ಹೆಂಗಸರದ್ದು. ಅಂಗಿ ಬಟ್ಟೆ, ಗಡಿಯಾರ, ಟಾರ್ಚು ಬಲಕ್ಕೆ. ಬುರ್ಖಾ, ಪಿನ್ನು, ಕ್ರೀಮು ಎಡಕ್ಕೆ. ಪ್ರತಿಯೊಂದರ ಮೇಲೂ ಕಬೀರನ ದಪ್ಪ ಅಕ್ಷರದಲ್ಲಿ ಮನೆಯವರ, ನೆಂಟರ ಹೆಸರು. ಗುಡ್ಡೆಗಳೆರಡೂ ಬೆಳೆದವು. ಎರಡರಲ್ಲೂ ಒಂದು ಹೆಸರು ಬರಲಿಲ್ಲ.

ಕೊನೆಗೆ ಪೆಟ್ಟಿಗೆಯಲ್ಲಿ ಒಂದು ಮೂಲೆ ಉಳಿಯಿತು. ರಟ್ಟು ಕತ್ತರಿಸಿ, ಟೇಪು ಹಚ್ಚಿ, ಪುಟ್ಟ ಕೋಣೆಯಂತೆ ಬೇರೆ ಮಾಡಿದ್ದ ಜಾಗ. ಆಯಿಶಮ್ಮ ಕೈ ಹಾಕಿದರು. ಏನೂ ಇರಲಿಲ್ಲ.

"ಇದೆಂತ? ನೌಶೀನ್‌ನದ್ದು ಎಲ್ಲಿ?"

ಇದೇ ಉತ್ತರ ಎಂದುಕೊಂಡಿತು ನೌಶೀನ್‌ನ ಮನಸ್ಸು. ನೀರಿನ ಮೇಲಿನಿಂದ ಯಾರೋ ಮಾತಾಡಿದಂತೆ ಬಾಪನ ದನಿ ಕೇಳಿಸಿತು.

"ನಿನ್ನ ಮಾತು ಕೇಳಿದ ಮೇಲೆ, ನಿನಗೆ ಎಂತಾದರೂ ತೆಗೆಯುವ ಅಂತ ಮೂರು ಶುಕ್ರವಾರ ಶಾಪಿಂಗ್ ಮಾಲ್‌ಗೆ ಹೋದೆ. ಕೆಳಗೆ ಹೆಂಗಸರದ್ದು, ಮೇಲೆ ಗಂಡಸರದ್ದು. ಹತ್ತಿದೆ, ಇಳಿದೆ, ಪುನಃ ಹತ್ತಿದೆ. ಸೆಕ್ಯುರಿಟಿಯವ ಬಂದು, ಯಾರನ್ನು ಹುಡುಕುತ್ತಿದ್ದೀರಿ ಅಂತ ಕೇಳಿದ. ಬಾಯಿಗೆ ಬೇರೆ ಎಂತದ್ದೂ ಬರಲಿಲ್ಲ, ನನ್ನ ಮಗುವನ್ನು ಅಂದೆ. ಪಾಪ, ಮೈಕಿನಲ್ಲಿ ಕರೆಸುತ್ತೇನೆ ಅಂದ. ಹುಡುಗನಾ ಹುಡುಗಿಯಾ ಅಂತ ಕೇಳಿದ."

"ನೀನು ಎಂತ ಹೇಳಿದೆ?" ಆಯಿಶಮ್ಮ ಕೇಳಿದರು.

"ಎಂತ ಹೇಳುವುದು? ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ." ಕಬೀರ್ ಚೂರಿಯನ್ನು ಮಡಚಿದ. ನೌಶೀನ್‌ನ ಮುಖ ನೋಡಿದ. "ಒಂದು ಸಲ ಕೇಳಿದ್ದಕ್ಕೆ ನನಗೆ ಹೀಗಾಯಿತು. ನಿನ್ನ ಹತ್ತಿರ ದಿನಕ್ಕೆ ಎಷ್ಟು ಜನ ಕೇಳುತ್ತಾರೋ. ನಿನಗೆ ಅಂತ ಇಟ್ಟ ಆ ಮೂರು ಕಿಲೋ ಜಾಗದಲ್ಲಿ ಬೇರೆ ಎಂತ ತುಂಬಿಸಲಿಕ್ಕೂ ಮನಸ್ಸು ಬರಲಿಲ್ಲ."

"ಒಂದು ಮಾತು ಬರೆಯಬಹುದಿತ್ತಲ್ಲ ಬಾಪಾ."

"ತಪ್ಪು ಬರೆದುಬಿಟ್ಟರೆ ಅಂತ ಹೆದರಿಕೆ."

"ಈಗ ಅರ್ಥ ಆಯ್ತಾ?"

"ಎಲ್ಲ ಆಗಲಿಲ್ಲ. ಗುರುವಾರ ಮಣಿಪಾಲಕ್ಕೆ ನಾನೂ ಬರುತ್ತೇನೆ. ಹೊರಗೆ ಕುರ್ಚಿಯಲ್ಲಿ ಕೂತಿರುತ್ತೇನೆ. ನೀನು ಕರೆದರೆ ಒಳಗೆ ಬರುವುದು, ಇಲ್ಲದಿದ್ದರೆ ಅಲ್ಲಿಯೇ."

ಪರದೆ ಒಮ್ಮೆ ಉಬ್ಬಿ ಇಳಿಯಿತು. ನೌಶೀನ್‌ನ ಕಾಲುಗಳು ತಾವಾಗಿಯೇ ಚೌಕಟ್ಟನ್ನು ಬಿಟ್ಟು ಬಂದು ಪೆಟ್ಟಿಗೆಯ ಪಕ್ಕದಲ್ಲಿ ಮಡಚಿಕೊಂಡವು. ಬೆರಳುಗಳು ಆ ರಟ್ಟಿನ ಗೋಡೆಯನ್ನು ಮುಟ್ಟಿ ನೋಡಿದವು. ಕಬೀರ್ ಟೇಪನ್ನು ಮೂರು ಸುತ್ತು ಹಾಕಿದ್ದ, ಒಡೆಯುವ ವಸ್ತು ಇಟ್ಟವನ ಹಾಗೆ.

ಸಮೀನಾ ಸೆರಗಿನಿಂದ ಮುಖ ಒರೆಸಿ, ಏನಾದರೂ ಮಾಡಬೇಕೆಂಬಂತೆ ಎದ್ದು, ಹೊರಗೆ ಹಾಕಲು ಪೆಟ್ಟಿಗೆಯನ್ನು ಎಳೆದಳು. ಆಯಿಶಮ್ಮ ಕೈ ಅಡ್ಡ ಇಟ್ಟರು.

"ಬಿಸಾಡಬೇಡ ಅದನ್ನು. ಈ ಮಗುವಿನದ್ದು ಇನ್ನೂ ಒಳಗೆ ಉಂಟು."