ಎಲ್‌ಸ್ಟನ್‌ನ ಖಾಲಿ ಕೈ

“ಈ ಸಲ ಚೆಂಡು ನೀನೇ ತಗೊಂಡು ಓಡು,” ಎಂದ ಎಲ್‌ಸ್ಟನ್.

ಸಂಜಯ್‌ಗೆ ಅನುಮಾನವಾಯಿತು. ಮಲೇಷ್ಯಾದ ನಿಲಾಯ್ ಕಾಲೇಜಿನ ಅವರ ಫ್ಲ್ಯಾಗ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್ ಎಲ್‌ಸ್ಟನ್. ಈ ಆಟದಲ್ಲಿ ಚೆಂಡು ಹಿಡಿದವನ ಸೊಂಟದ ಪಟ್ಟಿ ಕಿತ್ತರೆ ಅವನ ಓಟ ಮುಗಿದಂತೆ. ಚೆಂಡು ಯಾರಿಗೆಂದು ತೀರ್ಮಾನಿಸುವವನು ಅವನೇ. ಫೈನಲ್ ಗೆಲ್ಲಲು ಇದೇ ಕೊನೆಯ ಅವಕಾಶ. ಮಲೇಷ್ಯಾ ತಂಡಕ್ಕೆ ಒಬ್ಬನನ್ನು ಆರಿಸಲು ಬಂದವರು ಮೈದಾನದ ಪಕ್ಕ ಕೂತಿದ್ದರು. ಇಂಥ ಹೊತ್ತಿನಲ್ಲಿ ಯಾರಾದರೂ ಬಿಟ್ಟುಕೊಡುತ್ತಾರೆಯೇ?

“ಸೋತ್ರೆ ನನ್ನ ತಲೆಗೆ ಕಟ್ಟೋಕಾ?”

“ಎದುರು ತಂಡದವರ ಕಣ್ಣೆಲ್ಲ ನನ್ನ ಮೇಲೇ ಉಂಟು ಮಾರಾಯ. ಓಡು ಲಾ!”

ಎಲ್‌ಸ್ಟನ್ ಚೆಂಡನ್ನು ಸಂಜಯ್‌ನ ಹೊಟ್ಟೆಗೊತ್ತಿ, ಖಾಲಿ ಕೈಗಳನ್ನು ಎದೆಗವುಚಿಕೊಂಡು ಎಡಕ್ಕೆ ಓಡಿದ. ಎದುರಾಳಿಗಳೆಲ್ಲ ಬೆನ್ನಟ್ಟಿ, ಅವನ ಸೊಂಟದ ಪಟ್ಟಿ ಕಿತ್ತು, ಹಿಡಿದೆವೆಂದು ಕೂಗಿದರು. ಆರಿಸಲು ಬಂದವರು ಅತ್ತ ನೋಡಿ ಬೇಸರದಿಂದ ತಲೆಯಲ್ಲಾಡಿಸಿದರು. ಬಲಗಡೆ ಯಾರೂ ಇರಲಿಲ್ಲ. ಸಂಜಯ್ ಗೆಲುವಿನ ಗೆರೆ ದಾಟಿ ತಿರುಗಿದ. ನೆಲಕ್ಕೆ ಬಿದ್ದಿದ್ದ ಎಲ್‌ಸ್ಟನ್ ಎರಡೂ ಖಾಲಿ ಕೈಗಳನ್ನು ಮೇಲೆತ್ತಿ ಅವನಿಗೆ ತೋರಿಸುತ್ತಿದ್ದ.