ನಮ್ಮ ಕಡೆಯ ವಕೀಲ

ಕೊನೆಯ ಹಾಳೆಯ ಮೇಲೆ ಕೆಂಪು ಪೆನ್ಸಿಲ್ ಸರ್ರನೆ ಗೀರಿತು. ಅಪ್ಪ ಕನ್ನಡಕ ಸರಿಮಾಡಿಕೊಂಡು, ಹೊಸ ಮನೆಯ ಕರಾರುಪತ್ರವನ್ನು ಮಗಳ ಕಡೆ ತಳ್ಳಿದರು. "ಎಲ್ಲ ಸರಿಯಾಗಿದೆ. ನಾಳೆ ಧೈರ್ಯವಾಗಿ ಸಹಿ ಹಾಕು."

ಬಿಲ್ಡರ್ ತನ್ನ ವಕೀಲನನ್ನೇ ಪುಕ್ಕಟೆಯಾಗಿ ಕೊಡುತ್ತೇನೆ ಎಂದಾಗ ಅವಳ ಗಂಡ ಕುಣಿದಾಡಿದ್ದ. ಬೇಡವೆಂದು ಹಟ ಹಿಡಿದವಳು ಅವಳೇ. "ಕುರಿ ಕಾಯೋಕೆ ತೋಳನ್ನ ಇಟ್ಕೋತೀರಾ? ನಮ್ಮಪ್ಪ ನಲವತ್ತು ವರ್ಷ ಇಂಥ ಕಾಗದಾನೇ ಓದಿದೋರು."

ಹಾಳೆ ತಿರುವುತ್ತಿದ್ದ ಅವಳ ಕೈ ಈಗ ನಿಂತಿತು. "ಅಪ್ಪಾ, ಮನೆ ಯಾವತ್ತು ಬಿಟ್ಟುಕೊಡ್ತಾರೆ ಅನ್ನೋ ತಾರೀಕು ಎಲ್ಲಿದೆ?"

"ಏನೇ, ಓದೋಕೆ ಬರಲ್ವಾ? ಇಲ್ಲೇ ಇದೆಯಲ್ಲ!" ಅಪ್ಪ ನಗುತ್ತಾ ಸಾಲಿನ ನಡುವಿನ ಖಾಲಿ ಜಾಗದ ಮೇಲೆ ಬೆರಳೊತ್ತಿದರು. ಅಲ್ಲಿ ಏನೂ ಬರೆದಿರಲಿಲ್ಲ. ಪಕ್ಕದಲ್ಲಿ 'ಸರಿ' ಎಂಬ ಅವರದೇ ಕೆಂಪು ಗುರುತಿತ್ತು, ಒಂದರ ಮೇಲೊಂದು ಮೂರು ಸಲ. ಬೆರಳು ತೆಗೆಯದೆ ಅವರು ಅವಳ ಮುಖವನ್ನೇ ನೋಡತೊಡಗಿದರು. ನಗು ಮೆಲ್ಲಗೆ ಸಡಿಲವಾಗುತ್ತಿತ್ತು.

"ಹೌದಪ್ಪಾ, ನಾನೇ ಸರಿಯಾಗಿ ನೋಡಿರಲಿಲ್ಲ," ಎಂದಳು.

ಒಳಗಿನಿಂದ ಅಮ್ಮ ಕೂಗಿದಳು, "ಏನಂತಾರೇ ನಿನ್ನ ದೊಡ್ಡ ವಕೀಲರು?"

"ಎಲ್ಲ ಸರಿ ಇದೆಯಂತೆ ಅಮ್ಮ." ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡಳು. ನಾಳೆ ಸಹಿ ಮಾಡದೆ ಬೇರೊಬ್ಬ ವಕೀಲರನ್ನು ಹುಡುಕಬೇಕು. ಯಾಕೆಂದು ಮಾತ್ರ ಗಂಡನಿಗೂ ಹೇಳುವುದಿಲ್ಲ, ಅಮ್ಮನಿಗೂ ಹೇಳುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದಳು.