ಸಡಿಲಿಸದ ತಂತಿ

“ಈ ಊದ್‌ನ ಶ್ರುತಿ ಇಳಿದಿದೆ ಉಸ್ತಾದ್, ಸರಿಮಾಡಿಕೊಡಿ. ಕೂಲಿಯನ್ನ ಸಂಘ ಕೊಡುತ್ತೆ,” ಎಂದು ಸಂಘದ ನವಾಲ್ ಆ ತಂತಿವಾದ್ಯವನ್ನು ಶುಕ್ರಿಯವರ ಮಡಿಲಲ್ಲಿಟ್ಟಳು. ಮನೆ ಬಾಡಿಗೆಗಾಗಿ ತಮ್ಮ ಊದನ್ನೇ ಮಾರಿದ್ದ ಶುಕ್ರಿ, ವಾದಕರ ಸಂಘದ ನೆರವನ್ನು ಮಾತ್ರ ಹಿಂದಿರುಗಿಸಿದ್ದರು. ಕೆಲಸಕ್ಕೆ ಕೂಲಿಯಾದರೆ ಬೇರೆ ಮಾತು.

ತಂತಿಗಳನ್ನು ಮೀಟಿದರು. ಒಂದೂ ಇಳಿದಿರಲಿಲ್ಲ. ವಾದ್ಯದ ಬೆನ್ನಿನ ಹಳೆಯ ಸುಟ್ಟ ಕಲೆ ಬೆರಳಿಗೆ ಸಿಕ್ಕಿತು. ಸಂಘದಲ್ಲಿದ್ದ ಕಾಲದಲ್ಲಿ ಇದೇ ಊದ್ ಹೊತ್ತು ಅವರು ಕೈರೋದ ಮನೆಮನೆಯ ಮೆಟ್ಟಿಲುಗಳನ್ನು ಹತ್ತಿದ್ದರು. ಕೈಚಾಚಲು ನಾಚುವ ಹಿರಿಯ ವಾದಕರಿಗೆ ನೆರವನ್ನು ಕೂಲಿಯೆಂದು ಕೊಡಲು ಇದೇ ಮಾತು ಹೇಳಿದ್ದರು.

“ನಿಂಗೆ ಸುಳ್ಳು ಹೇಳೋಕೂ ಬರಲ್ವಲ್ಲೇ ಮಗಳೇ. ಬಾಗಿಲು ತಟ್ಟೋ ಮುಂಚೆ ನಾವು ಎರಡು ತಂತಿ ಸಡಿಲ ಮಾಡ್ಕೋತಿದ್ವಿ.”

ನವಾಲ್ ತಲೆ ತಗ್ಗಿಸಿ ಊದ್ ಎತ್ತಿಕೊಳ್ಳಲು ಬಾಗಿದಳು. ಶುಕ್ರಿ ಬಿಡಲಿಲ್ಲ. ಬಿರಡೆ ತಿರುಗಿಸಿ ತಾವೇ ಎರಡು ತಂತಿ ಸಡಿಲಿಸಿದರು.

“ಹೂಂ, ಇಳಿದಿದೆ. ಕೂತ್ಕೋ, ಹೊತ್ತಾಗುತ್ತೆ.”